ತಳ್ಳುಗಾಡಿಯಲ್ಲಿ ಮೂರು ಸಸಿ

ಗುಡ್ರುನಳನ್ನು ಮೊದಲ ಸಲ ಕಂಡಾಗ, ಮೊಮ್ಮಗುವನ್ನು ಬಿಸಿಲಿಗೆ ತಂದಿದ್ದಾಳೆಂದೇ ನಾನು ತಿಳಿದಿದ್ದೆ. ಡೆನ್ಮಾರ್ಕಿನ ಕೂಸುಗಳು ಹಗಲು ನಿದ್ದೆ ಮಾಡುವುದೇ ಬಯಲಲ್ಲಿ, ಮಕ್ಕಳ ತಳ್ಳುಗಾಡಿಯೊಳಗೆ. ಪಿಸುದನಿಯಲ್ಲಿ "ಹುಡುಗನೋ ಹುಡುಗಿಯೋ?" ಎಂದೆ. "ಹಳದಿ," ಎಂದಳು. ಹೊದಿಕೆಯ ಕೆಳಗಿದ್ದದ್ದು ಟೊಮೆಟೊ ಸಸಿ.

ಬಸ್ಸು ಓಡಿಸಿ ನಿವೃತ್ತಳಾದವಳು ಗುಡ್ರುನ್. ನಾಲ್ಕನೇ ಮಹಡಿಯ ಮನೆ, ಬಾಲ್ಕನಿಯಿಲ್ಲ. ಕಿಟಕಿಯ ಬೆಚ್ಚನೆಯಲ್ಲಿ ಬೆಳೆದ ಸಸಿಗಳಿಗೆ ನೆಲಕ್ಕಿಳಿಯುವ ಮುನ್ನ ಗಾಳಿ ಬಿಸಿಲಿನ ರೂಢಿಯಾಗಬೇಕು. ಮೊಮ್ಮಕ್ಕಳು ಬಿಟ್ಟ ಗಾಡಿ ಹೀಗೆ ಮತ್ತೆ ಬೀದಿಗಿಳಿದಿತ್ತು.

ಆ ವಸಂತದಲ್ಲಿ ಮಾತ್ರ ಅವಳಿಗೆ ಅನ್ನನೀರು ರುಚಿಸುತ್ತಿರಲಿಲ್ಲ. ಊರಾಚೆಯ ಕೈತೋಟಗಳ ಸಂಘಕ್ಕೆ ತನ್ನದೇ ಒಂದು ಹಳದಿ ಟೊಮೆಟೊ ತಳಿಯಿತ್ತು. ಅದರ ಬೀಜವನ್ನು ಅಧ್ಯಕ್ಷ ಪ್ರೆಬೆನ್ 'ಭದ್ರವಾಗಿರಲಿ' ಎಂದು ಮನೆ ಬಿಸಿಮಾಡುವ ಕೊಳವೆಯ ಮೇಲಿಟ್ಟು ಹುರಿದುಬಿಟ್ಟಿದ್ದ. ಅದಕ್ಕೂ ಮೊದಲೇ ದೊಡ್ಡ ಭಾಷಣ ಮಾಡಿ ಗುಡ್ರುನಳಿಗೆ ಕೊಟ್ಟಿದ್ದ ಒಂದು ಚಿಟಿಕೆಯಷ್ಟೇ ಉಳಿದಿತ್ತು. ಕತ್ತಲ ಚಳಿಗಾಲದಿಂದ ಬೇಸತ್ತಿದ್ದ ಅವಳು ಸೂರ್ಯ ಇಣುಕಿದ್ದೇ ತಡ, ಫೆಬ್ರವರಿಯಲ್ಲೇ ಎಲ್ಲವನ್ನೂ ಬಿತ್ತಿಬಿಟ್ಟಳು. ಬೆಳಕು ಸಾಲದೆ ನೂಲಿನಂತೆ ಉದ್ದವಾದ ಮೊಳಕೆಗಳು ಬುಡ ಕೊಳೆತು ಮಲಗಿದವು. ಉಳಿದದ್ದು ಮೂರು.

"ಮೂರೇ? ಸಂಘದ ಬೆಳ್ಳಿಹಬ್ಬದ ಊಟಕ್ಕೆ ಇದೇ ಟೊಮೆಟೊ ಅಂತ ಎಲ್ರಿಗೂ ಮಾತು ಕೊಟ್ಟಿದೀನಿ, ಗುಡ್ರುನ್!" ಎಂದ ಪ್ರೆಬೆನ್.

"ಮಾತು ಕೊಡೋದು ಸುಲಭ, ಅಧ್ಯಕ್ಷರೇ. ಅದರ ಬುಡ ಕೊಳೆಯಲ್ಲ."

ಮೇ ತಿಂಗಳ ಒಂದು ಬೆಳಿಗ್ಗೆ ಅವಳು ಗಾಡಿಯನ್ನು ಬೇಕರಿಯ ಹೊರಗೆ ನಿಲ್ಲಿಸಿ ರೈ ಬ್ರೆಡ್ ತರಲು ಒಳಹೋದಳು. ಎಲ್ಲರೂ ಮಕ್ಕಳನ್ನು ಹಾಗೇ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಅವಳದರಂಥದೇ ಇನ್ನೊಂದು ನೀಲಿ ಗಾಡಿಯಿತ್ತು. ಹೊರಬಂದಾಗ ಇದ್ದದ್ದು ಒಂದೇ. ಹೊದಿಕೆ ಎತ್ತಿದರೆ ಒಳಗೆ ಬೋಳುತಲೆಯ ಕೂಸು!

ಕೂಸು ಎಚ್ಚೆತ್ತು ಕಿರುಚತೊಡಗಿತು. ಗುಡ್ರುನ್ ಒಂದು ಕೈಯಲ್ಲಿ ಗಾಡಿ ತೂಗುತ್ತ ಬೀದಿಯ ಎರಡೂ ತುದಿ ನೋಡಿದಳು. ಹುಡುಕಿಕೊಂಡು ಓಡೋಣವೆಂದರೆ ಕೂಸನ್ನು ಬಿಡುವಂತಿಲ್ಲ. ಎಳೆಯ ಕಾಂಡಗಳು ಈಗ ಯಾವ ಕಲ್ಲುಹಾಸಿನ ಮೇಲೆ ಕುಲುಕುತ್ತಿವೆಯೋ!

"ಪೊಲೀಸರಿಗೆ ಹೇಳೋಣ್ವಾ?" ಎಂದಳು ಬೇಕರಿಯವಳು.

"ಏನಂತ? ಟೊಮೆಟೊ ಕಳೆದೋಯ್ತು, ಮಗು ಸಿಕ್ತು ಅಂತಾನಾ?"

ಅಷ್ಟರಲ್ಲಿ ತಿರುವಿನಿಂದ ಒಬ್ಬ ಯುವಕ ಗಾಡಿ ತಳ್ಳುತ್ತ ಓಡಿಬಂದ. ನಿದ್ದೆಗೆಟ್ಟ ಕಣ್ಣು, ತಿರುಗುಮುರುಗಾದ ಅಂಗಿ.

"ಮೆಲ್ಲಗೆ! ಮೆಲ್ಲಗೋ ಮಾರಾಯ!" ಎಂದು ಗುಡ್ರುನ್ ಕೂಗಿದಳು.

ಅವನು ಕೂಸನ್ನು ಎದೆಗವಚಿಕೊಂಡ. ಅವಳು ಗಾಡಿಯೊಳಗೆ ತಲೆ ತೂರಿಸಿದಳು. ಒಂದು ಸಸಿ ಬಾಗಿತ್ತು, ಮುರಿದಿರಲಿಲ್ಲ. ಬೆರಳಿಂದ ಎತ್ತಿ ನಿಲ್ಲಿಸಿದಳು.

ಯುವಕನಿಗೆ ಉಸಿರು ಬಂತು, ಜೊತೆಗೆ ನಗುವೂ. "ಮೂರು ಗಿಡಕ್ಕೆ ಇಷ್ಟೊಂದು ಗಾಬರೀನಾ? ಅಂಗಡೀಲಿ ಬೇಕಾದಷ್ಟು ಟೊಮೆಟೊ ಸಿಗಲ್ವಾ?"

ಗುಡ್ರುನ್ ಅವನನ್ನೂ ಅವನ ಎದೆಗಂಟಿದ್ದ ಬೋಳುತಲೆಯನ್ನೂ ನೋಡಿದಳು.

"ನೀನ್ಯಾಕಪ್ಪಾ ಓಡಿಬಂದೆ? ಹೆರಿಗೆ ಆಸ್ಪತ್ರೇಲಿ ಬೇಕಾದಷ್ಟು ಕೂಸು ಇರ್ತಾವಲ್ಲ."