ಹುಳು ಹಣ್ಣಾದ ದಿನ ಕೇಳಿದ ಹಾಡು

ಕ್ಯಾಲನೂರಿನ ರಾಮಲಕ್ಷ್ಮಮ್ಮನಿಗೆ ರೇಷ್ಮೆ ಹುಳು ಸಾಕುವುದು ಗೊತ್ತು, ತೀರ್ಪು ಕೊಡುವುದು ಇನ್ನೂ ಚೆನ್ನಾಗಿ ಗೊತ್ತು. ಕೊಟ್ಟ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ.

ಸೊಸೆ ಚಂದನ ಲಕ್ಕೂರಿನಿಂದ ಬರುವಾಗ ಮೊಬೈಲಿನಲ್ಲಿ ರೋಮಾ ಎಂಬ ಗಾಯಕಿಯ ಹಾಡುಗಳನ್ನೂ ತಂದಳು. ಎಲ್ಲದರಲ್ಲೂ ಬೇಬಿ, ಪಾರ್ಟಿ, ಹಿಂದೆ ತಮಟೆಗೂ ತಲೆನೋವು ಬರಿಸುವ ಸದ್ದು. ಆ ಸಲ ರೇಷ್ಮೆ ಬೆಳೆ ಕೈಕೊಟ್ಟಿತು. ಒದ್ದೆ ಸೊಪ್ಪು ತಿಂದರೆ ಹುಳುಗಳಿಗೆ ರೋಗ, ಅದನ್ನು ಹಾಕಿದ್ದು ರಾಮಲಕ್ಷ್ಮಮ್ಮನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಪ್ಪು ರೋಮಾಳ ತಲೆಗೆ ಬಂತು. ಹುಳುಮನೆಯಲ್ಲಿ ಅವಳ ಹಾಡು ಬಂದ್ ಆಯಿತು. ಸಿಟ್ಟು ಬಂದರೆ ರಾಮಲಕ್ಷ್ಮಮ್ಮ ತೆಲುಗಿಗೆ ಇಳಿಯುತ್ತಾಳೆ. ಅವತ್ತು ಪೂರ್ತಿ ತೆಲುಗೇ.

ಹೋದ ವರ್ಷ ಗಂಡ ಮುನಿಯಲ್ಲಪ್ಪ ತೀರಿಕೊಂಡ. "ಹುಳ ಕಾಯಲ್ಲ" ಎಂದು ಅವಳು ಹೆಣ ಎತ್ತಿದ ಸಂಜೆಯೇ ಸ್ನಾನ ಮಾಡಿ ಸೊಪ್ಪು ಹಾಕಲು ನಿಂತಳು. ಆಮೇಲೆ ಗೂಡು ಬಿಡಿಸುವುದು, ಆಮೇಲೆ ಮುಂದಿನ ಬೆಳೆ. ಅಳುವುದಕ್ಕೆ ಬಿಡುವಾಗಲಿಲ್ಲ. ಊರವರು ಗಟ್ಟಿಗಿತ್ತಿ ಅಂದರು, ಕಲ್ಲು ಅಂದವರೂ ಇದ್ದರು. ಚಂದನಳಿಗೆ ಮಾತ್ರ ಹೆದರಿಕೆ. ಅತ್ತೆ ಈಗಲೂ ಬೆಳಿಗ್ಗೆ ಎರಡು ಲೋಟಕ್ಕೆ ಕಾಫಿ ಬಗ್ಗಿಸಿ, ಒಂದನ್ನು ಪಾತ್ರೆಗೆ ವಾಪಸು ಸುರಿಯುತ್ತಿದ್ದಳು. ಎಲ್ಲವನ್ನೂ ಹೀಗೆ ಒಳಗೇ ಇಟ್ಟುಕೊಂಡರೆ ಈ ಜೀವ ಎಷ್ಟು ದಿನ ತಡೆದೀತು ಎಂಬುದು ಅವಳ ಚಿಂತೆ.

ಮೊನ್ನೆ ಹುಳು ಹಣ್ಣಾದವು. ಹಣ್ಣಾದ ಹುಳುವನ್ನು ಕೂಡಲೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ತಡವಾದರೆ ಸೊಪ್ಪಿನಲ್ಲೇ ಕಟ್ಟಿ ಹಾಳು. ಅತ್ತೆ ಸೊಸೆ ಇಬ್ಬರಿಗೂ ಕೈತುಂಬ ಹುಳು. ಕಿಟಕಿಯಲ್ಲಿಟ್ಟ ಮೊಬೈಲಿನಲ್ಲಿ ದೇವರನಾಮ ಮುಗಿದು, ತಾನಾಗಿಯೇ ರೋಮಾಳ ಹೊಸ ಆಲ್ಬಂ ಶುರುವಾಯಿತು. ನಿಲ್ಲಿಸಲು ಕೈ ಖಾಲಿಯಿಲ್ಲ. ಚಂದನ ತೆಲುಗಿಗೆ ಕಾದಳು.

ತೆಲುಗು ಬರಲಿಲ್ಲ. ಈ ಹಾಡಿನಲ್ಲಿ ಬೇಬಿ ಇರಲಿಲ್ಲ, ಆ ಸದ್ದೂ ಇರಲಿಲ್ಲ. ಸತ್ತ ಅಪ್ಪನ ಚಪ್ಪಲಿಯನ್ನು ಬಾಗಿಲಿನಿಂದ ತೆಗೆಯಲಾರದ ಮಗಳೊಬ್ಬಳು ಅವಸರವಿಲ್ಲದೆ ಹಾಡುತ್ತಿದ್ದಳು.

ಇದು ಅವಳೇನಾ ಎಂದು ರಾಮಲಕ್ಷ್ಮಮ್ಮ ಕೇಳಿದಳು. ಅವಳೇ, ಅವಳಪ್ಪ ಹೋದ ಮೇಲೆ ಹಾಡಿದ್ದು ಎಂದಳು ಚಂದನ.

ರಾಮಲಕ್ಷ್ಮಮ್ಮ ಚಂದ್ರಿಕೆಯನ್ನೇ ನೋಡುತ್ತ ನಿಂತಳು. "ಇವಳೂ ಬದುಕು ನೋಡವ್ಳೆ ಕಣೇ. ಇನ್ನೊಂದ್ಸಲ ಹಾಕು."

"ಕೈತುಂಬಾ ಹುಳ ಐತೆ ಅತ್ತೆ."

"ಹುಳ ಕಾಯ್ತವೆ. ಕೈ ತೊಳ್ಕೊಂಡು ಹಾಕು."

ಹಾಡು ಮತ್ತೆ ಶುರುವಾಯಿತು. ಕಣ್ಣೊರೆಸಿಕೊಳ್ಳಲು ರಾಮಲಕ್ಷ್ಮಮ್ಮನಿಗೆ ಕೈ ಖಾಲಿಯಿರಲಿಲ್ಲ. ಹಾಗೇ ಅತ್ತಳು.