ನಡುಗೋಡೆಯ ಕದ

ನಮ್ಮ ಮನೆಯ ನಡುಗೋಡೆಯಲ್ಲಿ ಒಂದು ಕದವಿದೆ. ಈಚೆ ನಾವು, ಆಚೆ ಕಾಕಾನ ಮನೆಯವರು. ಅಪ್ಪ, ಕಾಕಾ ಬೇರೆಯಾದಾಗ ಮನೆಯನ್ನು ಸರಿಯಾಗಿ ಎರಡು ಪಾಲು ಮಾಡಿಕೊಂಡರು, ಕದವನ್ನು ಮಾತ್ರ ಕೀಳಲಿಲ್ಲ. ಅಜ್ಜ ಹೊಲದ ಬೇವು ಕಡಿಸಿ ಮಾಡಿಸಿದ್ದು ಎಂಬ ಭಕ್ತಿ ಇಬ್ಬರಿಗೂ ಇತ್ತು. ಅದನ್ನು ದಾಟಿ ಹೋಗುವಷ್ಟು ಪ್ರೀತಿ ಇರಲಿಲ್ಲ, ಅಷ್ಟೇ.

ಮೊದಲು ಅಪ್ಪ ನಮ್ಮ ಕಡೆ ನೆಲಕ್ಕೆ ಶಹಾಬಾದ್ ಕಲ್ಲಿನ ಫರಸಿ ಹಾಕಿಸಿದ. ಅದನ್ನು ನೋಡಿದ ಕಾಕಾ ಹಳೆಯ ನೆಲದ ಮೇಲೆಯೇ, ನಮ್ಮದಕ್ಕಿಂತ ಎರಡು ಬೆರಳು ಎತ್ತರ ಟೈಲ್ಸ್ ಕೂರಿಸಿದ. ಕದ ತೆರೆಯುವುದು ಆ ಕಡೆಗೇ. ಕೆಳಗೆ ಟೈಲ್ಸ್ ತಡೆದು ಅದು ನಿಂತಲ್ಲೇ ನಿಂತಿತು. ಮುಂದೆ ಮೇಲಿನ ಬಿಜಾಗರಿಯ ಸ್ಕ್ರೂ ಸಡಿಲಾಗಿ ಕದ ಒಂದು ಮಗ್ಗುಲಿಗೆ ವಾಲಿ, ಪಕ್ಕದಲ್ಲಿ ಸಂದು ಬಿತ್ತು.

ಆ ಸಂದು ಅವ್ವನಿಗೂ ಕಾಕಾನ ಹೆಂಡತಿ ಕಾಕುವಿಗೂ ಸಾಕಾಗಿತ್ತು. ಗಂಡಂದಿರು ಮಾತು ಬಿಟ್ಟರೂ ಈ ನೆಗೆಣ್ಣಿಯರು ಬಿಡಲಿಲ್ಲ. ಮಧ್ಯಾಹ್ನ ಕದದ ಆಚೆ ಈಚೆ ಕುಳಿತು ಊರ ಸುದ್ದಿಯೆಲ್ಲ ಮುಗಿಸುತ್ತಿದ್ದರು. ಕಡಕ್ ರೊಟ್ಟಿ ಸಂದಿನಲ್ಲಿ ಹಾಯುತ್ತಿರಲಿಲ್ಲ, ಬಿಸಿ ರೊಟ್ಟಿ ಮಡಚಿದರೆ ಹಾಯುತ್ತಿತ್ತು. ಆ ರೊಟ್ಟಿಯ ರುಚಿ ಇನ್ನೂ ನನ್ನ ನಾಲಿಗೆಯ ಮೇಲಿದೆ. ಗಂಡಂದಿರು ತೀರಿಕೊಂಡ ಮೇಲೆ ಓಣಿ ಸುತ್ತಿ ಹೋಗಿ ಬಂದು ಮಾಡಿದರು. ಆಮೇಲೆ ಅವ್ವನ ಮೊಣಕಾಲು ಹೋದವು, ಕಾಕುವಿಗೆ ದಮ್ಮು ಹತ್ತಿತು. ಮತ್ತೆ ಅದೇ ಸಂದು.

ಹೋದ ವರ್ಷ ಅವ್ವ ಹೇಳಿದಳು, “ತಮ್ಮಾ, ಆ ಕದಾ ಒಂದ್ ತಗದ್ ಕೊಡು. ಆಕಿ ಮಾರಿ ನೋಡಿ ಭಾಳ ದಿನಾ ಆತು.”

ನನ್ನದು ಮೂಗಿನ ತುದಿಯ ಸಿಟ್ಟು. ಸಡಿಲಾದ ತೂತಿಗೆ ಕಡ್ಡಿಪೆಟ್ಟಿಗೆಯ ಕಡ್ಡಿ ತುಂಬಿ ಸ್ಕ್ರೂ ಬಿಗಿದೆ. ವಾಲಿದ್ದು ನೆಟ್ಟಗಾಯಿತು, ತೆರೆಯಲಿಲ್ಲ. ಹಾರೆ ಹಾಕಿ ಮೀಟುತ್ತ, ನಿಮ್ಮಪ್ಪನ ಟೈಲ್ಸಿನಿಂದಲೇ ಇದೆಲ್ಲ ಎಂದು ಕೂಗಿದೆ. ಆಚೆಯಿಂದ ಕಾಕಾನ ಮಗ, ಮೊದಲು ನೆಲ ಏರಿಸಿದವರು ಯಾರೆಂದು ಕೇಳಿದ. ನಾವಿಬ್ಬರೂ ಮಾತಾಡಿ ಎಷ್ಟೋ ವರ್ಷವಾಗಿತ್ತು, ಆಡಿದ ಮೊದಲ ಮಾತೇ ಇದು.

ಆಗ ಕಾಕುವಿನ ದನಿ ಕೇಳಿತು. “ಸತ್ತವರ ಜಗಳಾ ನೀವ್ಯಾಕ ಮಾಡತೀರಿ? ಕೆಳಗ ಎರಡ ಬೆರಳ ಕೊಯ್ರಿ.”

ಅಜ್ಜನ ಕದಕ್ಕೆ ಗರಗಸ ಹಚ್ಚುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವನು ಓಣಿ ಸುತ್ತಿ ನಮ್ಮ ಬಾಗಿಲಿಗೆ ಬಂದ. ಇಬ್ಬರೂ ಸೇರಿ ಕದ ಇಳಿಸಿ ಹೊರಸಿನ ಮೇಲೆ ಮಲಗಿಸಿದೆವು. ಅವನು ಹಿಡಿದ, ನಾನು ಕೊಯ್ದೆ. ಕೈ ಸೋತಾಗ ಅದಲು ಬದಲಾದೆವು. ತಿರುಗಿ ಕೂರಿಸಿದ ಮೇಲೆ ಒಂದು ಬೆರಳು ತಾಗಿಸಿದರೆ ಸಾಕು, ತೆರೆಯುತ್ತಿತ್ತು.

ಕಾಕು ಗೋಡೆ ಹಿಡಿದುಕೊಂಡು ದಾಟಿ ಬಂದು ಅವ್ವನ ಪಕ್ಕದಲ್ಲಿ ಕುಳಿತಳು. ಅವ್ವ ಅವಳ ತೋಳು ಮುಟ್ಟಿ ನೋಡಿದಳು, ಕೊರಳು ಮುಟ್ಟಿ ನೋಡಿದಳು.

“ಇಷ್ಟ ಸೊರಗೀದಿ ಅಂತ ದಿನಾ ಮಾತಾಡಿದ್ರೂ ನನಗ ಗೊತ್ತ ಆಗಲಿಲ್ಲಲ್ಲ, ತಂಗಿ.”

ಕಾಕು ಆಮೇಲೆ ಐದು ತಿಂಗಳು ಇದ್ದಳು. ಆ ಕದ ಕೊಯ್ದು ಕೂರಿಸಿದ್ದು ಅರ್ಧ ದಿನದ ಕೆಲಸ.