ಇಂಜಿನ್ನಿನ ಹಿತ್ತಾಳೆ ತಗಡು

ಬೀರಪ್ಪಣ್ಣನಂಥ ಹಟಮಾರಿಯನ್ನು ನಮ್ಮೂರು ಕರ್ಕಿಯ ಸುತ್ತಮುತ್ತ ನಾನು ಇನ್ನೊಬ್ಬನನ್ನು ನೋಡಿಲ್ಲ. ರಿಕ್ಷಾ ಓಡಿಸುವವನು ನಾನು, ದಿನಾ ಹತ್ತು ಹಟಮಾರಿಗಳನ್ನು ಹಿಂದೆ ಕೂರಿಸಿಕೊಂಡು ಹೋಗುವವನು. ಹಾಗಾಗಿ ಈ ಮಾತನ್ನು ಬಾಯಿಗೆ ಬಂದಂತೆ ಹೇಳುತ್ತಿಲ್ಲ. ಊರಿನ ಉಳಿದ ಗಿರಣಿಗಳೆಲ್ಲ ಕರೆಂಟಿನ ಮೋಟಾರು ಹಾಕಿಸಿಕೊಂಡು ಎಷ್ಟೋ ಕಾಲವಾಗಿತ್ತು. ಇವನ ಅಕ್ಕಿ ಗಿರಣಿ ಮಾತ್ರ ಅಪ್ಪನ ಕಾಲದ ಡೀಸೆಲ್ ಇಂಜಿನ್ನಿನಲ್ಲೇ ಓಡುತ್ತಿತ್ತು. ಎರಡು ಬದಿಗೆ ಎದೆಮಟ್ಟದ ಕಬ್ಬಿಣದ ಗಾಲಿ, ನಡುವೆ ಎಮ್ಮೆಯಂಥ ಕಪ್ಪು ಮೈ, ಅದರ ಮೇಲೆ ಅಂಗೈ ಅಗಲದ ಒಂದು ಹಿತ್ತಾಳೆ ತಗಡು.

"ಮೋಟಾರು ಹಾಕ್ಸು ಬೀರಪ್ಪಣ್ಣ" ಎಂದರೆ ಕಣ್ಣು ಕೆಂಪು ಮಾಡುತ್ತಿದ್ದ.

"ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ರೆ ನಿಮ್ಮನೆ ಗಂಜಿಗೆ ಎಂತ ಹಾಕ್ತೆ ಹೊನ್ನ? ರಿಕ್ಷಾದ ಟಯರಾ?"

ಅವನ ಗಿರಣಿಯ ಕುಚಲಕ್ಕಿಯ ಗಂಜಿಗೆ ಇದ್ದ ರುಚಿ ಪೇಟೆಯ ಬಿಳಿ ಅಕ್ಕಿಗೆ ಇರಲಿಲ್ಲ ಎಂಬುದೂ ನಿಜ. ಕೇರಿಯವರೆಲ್ಲ ಭತ್ತ ಬೇಯಿಸಿ ಒಣಗಿಸಿ ಅವನಲ್ಲಿಗೇ ತರುತ್ತಿದ್ದರು. ಆ ಇಂಜಿನ್ನಿನ ಸದ್ದು ಕೇಳದ ದಿನ ಗಂಡಸರು ಹೆಂಗಸರು ಅನ್ನದೆ ಎಲ್ಲರೂ ಬೀರಪ್ಪನಿಗೆ ಹುಷಾರಿಲ್ಲವೇನೋ ಎಂದು ಕೇಳುತ್ತಿದ್ದರು. ಇಂಜಿನ್ನಿಗೆ ಹುಷಾರಿಲ್ಲವೇ ಎಂದು ಯಾರೂ ಕೇಳುತ್ತಿರಲಿಲ್ಲ, ಇಬ್ಬರೂ ಒಂದೇ ಎಂದು ಊರು ಒಪ್ಪಿಬಿಟ್ಟಿತ್ತು.

ಅವನ ಹೆಂಡತಿ ಗಣಪಿ ಅತ್ತಿಗೆ ಅಕ್ಷರ ಕಲಿತವಳಲ್ಲ. ಹಾಡು ಮಾತ್ರ ರಾಶಿ ರಾಶಿ ಬರುತ್ತಿತ್ತು. ಪ್ರತಿ ವರ್ಷ ಆಯುಧಪೂಜೆಗೆ ಮೊದಲು ಅವಳು ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ಹಿಡಿದು ಗಿರಣಿಗೆ ಬರುತ್ತಿದ್ದಳು. ಉಳಿದ ಮೈಯನ್ನು ಬೀರಪ್ಪಣ್ಣ ಸೀಮೆಎಣ್ಣೆಯಲ್ಲಿ ಒರೆಸಿದರೆ, ತಗಡು ಅವಳ ಪಾಲು. ಹಾಡುತ್ತಾ ಅದನ್ನು ತಿಕ್ಕಿ, ತೊಳೆದು, ಅದರ ಮೇಲೆ ಅರಿಶಿನ ಕುಂಕುಮ ಇಡುತ್ತಿದ್ದಳು. "ಇಂಜಿನ್ನಿಗೆ ಮುಖ ಅಂತ ಇರೂದು ಇದೊಂದೇ" ಎನ್ನುತ್ತಿದ್ದಳು. ಮದುವೆಯಾಗಿ ಬಂದ ವರ್ಷದಿಂದ ಹೀಗೆ ತಿಕ್ಕಿದವಳು. ತಗಡಿನಲ್ಲಿ ಮುಖ ಕಾಣುತ್ತಿತ್ತು.

ಹೋದ ವರ್ಷ ಹಬ್ಬ ಮುಗಿದು ಹೊಸ ಭತ್ತ ಬರಲು ಶುರುವಾದಾಗ ಇಂಜಿನ್ನಿನೊಳಗೆ ಟಣ್ ಟಣ್ ಎಂಬ ಸದ್ದು ಎದ್ದಿತು. ಬೀರಪ್ಪಣ್ಣ ಗಾಲಿಯ ಪಕ್ಕಕ್ಕೆ ಬಾಗಿ ಕಿವಿ ಕೊಟ್ಟು ಕೇಳಿದ. ಕೇಳುವುದು ಅವನ ಪದ್ಧತಿ. ನಿಲ್ಲಿಸಿ ಬಿಚ್ಚಿ ನೋಡಿದರೆ ಗಾಲಿ ತಿರುಗಿಸುವ ಕನೆಕ್ಟಿಂಗ್ ರಾಡನ್ನು ಬಿಗಿಯಾಗಿ ಹಿಡಿದಿಡುವ ಬೋಲ್ಟಿನ ಕುತ್ತಿಗೆ ಸಣ್ಣಗೆ ಬಿರುಕು ಬಿಟ್ಟಿತ್ತು. ಹೆಬ್ಬೆರಳಿನ ಗಾತ್ರದ ಒಂದು ಬೋಲ್ಟು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ರಿಕ್ಷಾ ಹತ್ತಿದ.

"ಹೊನ್ನಾವರಕ್ಕೆ ನಡಿ. ಮಾಬ್ಲ ಶೇಟ್ರ ಅಂಗ್ಡಿಗೆ."

ಮಾಬ್ಲ ಶೇಟರು ಹಳೆ ಇಂಜಿನ್ನುಗಳ ಬಿಡಿಭಾಗ ಮಾರುತ್ತಿದ್ದವರು. ಅವರ ಅಂಗಡಿಯಲ್ಲಿ ಮಾತು ಕಡಿಮೆ. ಹಳೆ ಸಾಮಾನು ಕೈಗೆ ಕೊಡಬೇಕು, ಹೆಬ್ಬೆರಳಿನಿಂದ ಸವರುತ್ತಿದ್ದರು, ಕಟ್ಟೆಯ ಕಲ್ಲಿಗೆ ಒಮ್ಮೆ ಕುಟ್ಟಿ ಸದ್ದು ಕೇಳುತ್ತಿದ್ದರು. ಆಮೇಲೆ ಒಳಗಿನಿಂದ ಹೊಸದೊಂದನ್ನು ತಂದು ಅದನ್ನೂ ಕುಟ್ಟಿ ನೋಡಿ, "ಆತು" ಎಂದು ಕೈಗೆ ಹಾಕುತ್ತಿದ್ದರು. ಆ "ಆತು" ಬಂದರೆ ಮತ್ತೆ ಯೋಚನೆ ಇಲ್ಲ. ಒಮ್ಮೆ ಯಾರೋ ಅಳತೆ ಸಮ ಇದೆಯಲ್ಲ, ಇದನ್ನೇ ಕೊಡಿ ಎಂದು ಜಗಳಕ್ಕೆ ನಿಂತಾಗ, "ಅಳತೆ ಸಮ ಇದ್ರೆ ಆತಾ? ಉಕ್ಕಿನ ಜಾತಿ ಬೇರೆ. ನಾ ಕೊಡೂದಿಲ್ಲ" ಎಂದು ಸಾಮಾನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದರು. ಅದನ್ನು ನಾನೇ ನೋಡಿದ್ದೆ, ಬೀರಪ್ಪಣ್ಣನೂ ನೋಡಿದ್ದ.

ಆದರೆ ಆ ದಿನ ಹೋಗಿ ನೋಡಿದರೆ ಶೇಟರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು, ಬಲಗೈ ಬಿದ್ದುಹೋಗಿತ್ತು. ಅಂಗಡಿಯಲ್ಲಿ ಸೊಸೆ ಧನ್ಯಶ್ರೀ ಇದ್ದಳು. ಒಳ್ಳೆಯ ಹುಡುಗಿ, ಬಂದವರಿಗೆ ಮುಖ ತಿರುವಿದವಳಲ್ಲ. ಬೋಲ್ಟಿನ ಫೋಟೋ ತೆಗೆದು ರಾಜಕೋಟದ ವ್ಯಾಪಾರಿಗೆ ಕಳಿಸಿ, ಫೋನಿನಲ್ಲಿ ಹಿಂದಿಯಲ್ಲಿ ಮಾತಾಡಿದಳು.

"ಅಣ್ಣ, ಇದೇ ಥರ ಕಾಣೂದು ಸುಮಾರಿದೆಯಂತೆ. ಇಂಜಿನ್ನಿನ ಮೇಲೆ ತಗಡಿದ್ಯಲ್ಲ, ಅದ್ರ ನಂಬರ್ ಹೇಳಿದ್ರೆ ಸರಿಯಾದ್ದನ್ನೇ ಇವತ್ತೇ ಕಳಿಸ್ತಾರಂತೆ."

ನಾವು ಖುಷಿಯಿಂದ ವಾಪಸು ಬಂದೆವು. ತಗಡಿನ ಮುಂದೆ ನಿಂತೆವು. ನಮ್ಮಿಬ್ಬರ ಮುಖ ಅದರಲ್ಲಿ ಚೆನ್ನಾಗಿ ಕಂಡಿತು. ನಂಬರು ಇರಲಿಲ್ಲ. ಬೆರಳಾಡಿಸಿದರೂ ಒಂದು ಗೆರೆ ಸಿಗಲಿಲ್ಲ. ಬೀರಪ್ಪಣ್ಣ ಎಷ್ಟೋ ಹೊತ್ತು ಅದನ್ನೇ ನೋಡಿ, "ಅವ್ಳಿಗೆ ಹೇಳ್ಬೇಡ" ಎಂದ. ಅಷ್ಟೇ.

ಕುಮಟಾಕ್ಕೆ ಹೋದೆವು. ಅಲ್ಲಿಯ ಅಂಗಡಿಯವನು ಬೋಲ್ಟನ್ನು ಮುಟ್ಟಲೂ ಇಲ್ಲ, ನಂಬರು ಕೇಳಿದ. ಭಟ್ಕಳಕ್ಕೆ ಹೋದೆವು. ಅಲ್ಲಿನ ಅಂಗಡಿಯ ಮುದುಕರು ಕುರ್ಚಿ ಕೊಟ್ಟು, ಚಹಾ ಕೊಟ್ಟು, ಹಳೆ ಪೆಟ್ಟಿಗೆಗಳನ್ನೆಲ್ಲ ಸುರಿದು ಹುಡುಕಿ, ಕೊನೆಗೆ "ನಂಬರ್ ಇಲ್ದೆ ನಾನು ಎಂತ ಕೊಡ್ಲಿ ಭಾಯಿ?" ಎಂದರು. ಈ ಎರಡು ಊರಿಗೂ ಗಣಪಿ ಅತ್ತಿಗೆ ಜೊತೆಗೆ ಬಂದಿದ್ದಳು. ಗಂಡ ಅನ್ನ ಬಿಟ್ಟು ತಿರುಗುವುದನ್ನು ನೋಡಲಾರದೆ ಬುತ್ತಿ ಕಟ್ಟಿಕೊಂಡು ಬಂದವಳು. ನಂಬರ್ ನಂಬರ್ ಎಂಬ ಮಾತು ಅವಳ ಕಿವಿಗೂ ಬೀಳುತ್ತಿತ್ತು. ಅದು ಎಲ್ಲಿಯ ನಂಬರೆಂದು ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ.

ಇತ್ತ ಗಿರಣಿಯಲ್ಲಿ ಭತ್ತದ ಚೀಲಗಳು ಸೂರಿಗೆ ಮುಟ್ಟಿದ್ದವು. ಹಿಂಗಾರು ಮಳೆ ಬಿಟ್ಟಿರಲಿಲ್ಲ, ಬೇಯಿಸಿದ ಭತ್ತ ಮುಗ್ಗಲು ವಾಸನೆ ಹಿಡಿಯತೊಡಗಿತ್ತು. ಕೆಲವರು ಚೀಲ ಎತ್ತಿಕೊಂಡು ಮೋಟಾರಿನ ಗಿರಣಿಗೆ ಹೊರಟರು. ಒಮ್ಮೆ ಹೋದವರು ತಿರುಗಿ ಬರುವುದಿಲ್ಲ ಎಂದು ಬೀರಪ್ಪಣ್ಣನಿಗೆ ಗೊತ್ತಿತ್ತು. ಮೂವರೂ ಮತ್ತೆ ಹೊನ್ನಾವರಕ್ಕೆ ಹೋದೆವು. ಹಳೆ ಬೋಲ್ಟನ್ನೇ ರಾಜಕೋಟಕ್ಕೆ ಕಳಿಸಿದರೆ ಪರೀಕ್ಷೆ ಮಾಡಿ ಹೇಳುತ್ತಾರೆ, ಆದರೆ ತಡವಾಗುತ್ತದೆ ಎಂದಳು ಧನ್ಯಶ್ರೀ. ಅವನು ಒಪ್ಪಲಿಲ್ಲ. ಅವಳ ಅಂಗಡಿಯ ಡಬ್ಬಿಯಲ್ಲೇ ಅಳತೆ, ತಿರುಪಿನ ಹಲ್ಲು ಎಲ್ಲ ಸರಿಹೊಂದುವ ಒಂದು ಬೋಲ್ಟು ಸಿಕ್ಕಿತು. ಹುಡುಗಿ ಹಿಂಜರಿದಳು.

"ಒಂದ್ಸಲ ಶೇಟ್ರ ಕೈಗೆ ಕೊಡ್ವಾ. ಅವ್ರು ಮುಟ್ಲಿ" ಎಂದ ಬೀರಪ್ಪಣ್ಣ.

ಅಂಗಡಿಯ ಹಿಂದೆಯೇ ಮನೆ. ಶೇಟರು ಕಬ್ಬಿಣದ ಮಂಚದ ಮೇಲೆ ಒರಗಿದ್ದರು. ಎಡಗೈಗೆ ಹಳೆ ಬೋಲ್ಟು ಕೊಟ್ಟೆವು. ಸವರಿದರು, ಮಂಚದ ಕಾಲಿಗೆ ಕುಟ್ಟಿದರು, ಹೌದೆಂಬಂತೆ ತಲೆ ಆಡಿಸಿದರು. ಹೊಸದನ್ನು ಕೊಟ್ಟೆವು. ಕುಟ್ಟಿದರು. ಮತ್ತೊಮ್ಮೆ ಕುಟ್ಟಿದರು. ಆಮೇಲೆ ಮುಷ್ಟಿ ಮುಚ್ಚಿ ಎದೆಗೆ ಒತ್ತಿಕೊಂಡು, ಗಂಟಲಲ್ಲಿ ಏನೋ ಸದ್ದು ಮಾಡುತ್ತಾ ಅಳತೊಡಗಿದರು.

"ಈಗೀಗ ಎಲ್ಲದಕ್ಕೂ ಅಳ್ತಾರೆ ಅಣ್ಣ, ಊಟಕ್ಕೆ ಕರೆದ್ರೂ ಅಳ್ತಾರೆ" ಎಂದಳು ಸೊಸೆ.

"ಅಂಗ್ಡಿ ನೆನ್ಪಾಯ್ತು, ಪಾಪ" ಎಂದ ಬೀರಪ್ಪಣ್ಣ. ಅವನ ಕಣ್ಣೂ ಒದ್ದೆಯಾಗಿತ್ತು. ಮಂಚದ ಬಳಿ ಕೂತು, ಮಗುವಿನ ಕೈಯಿಂದ ಬಿಡಿಸಿಕೊಳ್ಳುವ ಹಾಗೆ ಒಂದೊಂದೇ ಬೆರಳು ಬಿಡಿಸಿ ಬೋಲ್ಟು ತೆಗೆದುಕೊಂಡ. ಶೇಟರ ಕೈ ಗಾಳಿಯಲ್ಲಿ ಹಾಗೇ ಚಾಚಿಕೊಂಡಿತ್ತು. ಅದು ಆಶೀರ್ವಾದವೆಂದುಕೊಂಡು ಗಣಪಿ ಅತ್ತಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

ಮರುದಿನ ಬೆಳಿಗ್ಗೆ ಇಂಜಿನ್ ಹೊರಟಿತು. ಚೀಲ ಸಾಗಿಸಲು ನಾನು ರಿಕ್ಷಾ ಗಿರಣಿಯ ಬಾಗಿಲಿಗೆ ಹಚ್ಚಿದ್ದೆ. ಸದ್ದು ಚೆನ್ನಾಗಿಯೇ ಇತ್ತು. ಬೀರಪ್ಪಣ್ಣ ನನ್ನತ್ತ ನೋಡಿ ನಕ್ಕು, ಅಭ್ಯಾಸದಂತೆ ಪಕ್ಕಕ್ಕೆ ಬಾಗಿ ಕಿವಿ ಕೊಟ್ಟ. ಆಗಲೇ ಬೋಲ್ಟು ತುಂಡಾಯಿತು. ಬಿಡಿಸಿಕೊಂಡ ರಾಡು ಇಂಜಿನ್ನಿನ ಮೈಯನ್ನೇ ಒಡೆದುಕೊಂಡು ಹೊರಬಂತು. ಕಬ್ಬಿಣದ ಚೂರು ಅವನ ಎದೆಗೆ ಬಡಿದಿತ್ತು. ಓಡಿ ಬಂದ ಅತ್ತಿಗೆಯ ತೊಡೆಯ ಮೇಲೆ ಮಲಗಿಸಿ ನನ್ನ ರಿಕ್ಷಾದಲ್ಲೇ ಒಯ್ದೆ. ಹೊನ್ನಾವರ ಮುಟ್ಟುವ ಮೊದಲೇ ಅತ್ತಿಗೆ, "ನಿಧಾನಕ್ಕೆ ಹೋಗು ಹೊನ್ನ, ಇನ್ನು ಅವಸರ ಇಲ್ಲ" ಎಂದಳು.

ಬೀರಪ್ಪಣ್ಣನ ಕಾರ್ಯವೆಲ್ಲ ಮುಗಿದ ಮೇಲೆ ಧನ್ಯಶ್ರೀ ಅವರ ಮನೆಗೆ ಬಂದಳು. ಹೊಸ್ತಿಲಲ್ಲೇ ಕುಸಿದು ಕೂತಳು.

"ಆ ದಿನ ನೀವು ಹೋದ್ಮೇಲೆ ಮಾವ ಊಟ ಮಾಡ್ಲಿಲ್ಲ. ಮುಷ್ಟಿ ಮುಚ್ಚೂದು, ತೆಗೆಯೂದು, ಬಾಗ್ಲು ತೋರ್ಸೂದು. ಕೊಡ್ಬೇಡ ಅಂತ ಹೇಳ್ತಿದ್ರು. ನನಗೆ ತಿಳೀಲಿಲ್ಲ ಅಮ್ಮ. ಆ ನಂಬರ್ ಒಂದು ಸಿಕ್ಕಿದ್ರೆ ಹೀಗಾಗ್ತಿರ್ಲಿಲ್ಲ."

ಗಣಪಿ ಅತ್ತಿಗೆ ಅವಳ ತಲೆ ಸವರಿ ಕಳಿಸಿಕೊಟ್ಟಳು. ಆಮೇಲೆ ನನ್ನತ್ತ ತಿರುಗಿದಳು.

"ಆ ನಂಬರ್ ಎಲ್ಲಿತ್ತು ಹೊನ್ನ?"

ನಾನು ಹೊರಡಲು ಎದ್ದೆ. ಅವಳು ಬಿಡಲಿಲ್ಲ.

"ತಗಡಿನ ಮೇಲೆ ಗೆರೆ ಗೆರೆ ಇತ್ತು. ಮದ್ವೆಯಾಗಿ ಬಂದ ಹೊಸ್ತರಲ್ಲಿ. ಗೆರೆಯೊಳ್ಗೆ ಮಸಿ ನಿಲ್ತದೆ ಅಂತ ಒತ್ತಿ ಒತ್ತಿ ತಿಕ್ತಿದ್ದೆ. ಅದೇನಾ?"

"ಅದಲ್ಲ ಅತ್ತಿಗೆ, ಅದು ಬರೀ ಕಂಪನಿ ಹೆಸ್ರು" ಎಂದೆ. ಅವಳು ನನ್ನನ್ನು ನೋಡುತ್ತಲೇ ಇದ್ದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಅವತ್ತಿನಿಂದ ಅವಳ ಹಾಡು ನಿಂತಿತು. ಒಡೆದ ಇಂಜಿನ್ನನ್ನು ಗುಜರಿಯವರು ಎತ್ತಿಕೊಂಡು ಹೋಗುವಾಗ ತಗಡು ಬೇಕೇ ಎಂದು ಕೇಳಿದರು. ಅವಳು ಬೇಡವೆಂದಳು.

ಈ ವರ್ಷದ ಆಯುಧಪೂಜೆಗೆ ನಾನು ಬಾವಿಯ ಬಳಿ ರಿಕ್ಷಾ ತೊಳೆಯುತ್ತಿದ್ದೆ. ಗಾಜು, ಸೀಟು, ಗಾಲಿ ಎಲ್ಲ ಮುಗಿಸಿ ನಾರು ಹಿಡಿದು ಹಿಂದಿನ ನಂಬರ್ ಪ್ಲೇಟಿಗೆ ಕೈ ಹಚ್ಚಿದೆ. ಬೇಲಿಯಾಚೆ ನಿಂತಿದ್ದ ಗಣಪಿ ಅತ್ತಿಗೆ ಯಾವಾಗ ಓಡಿ ಬಂದಳೋ ಗೊತ್ತಾಗಲಿಲ್ಲ. ಕೆಸರಿನಲ್ಲೇ ಕೂತು ಎರಡೂ ಕೈಗಳಿಂದ ಪ್ಲೇಟನ್ನು ಮುಚ್ಚಿಕೊಂಡಳು.

"ಇದ್ನ ತಿಕ್ಬೇಡ" ಎಂದಳು. "ಕೊಳೆ ಇರ್ಲಿ ಹೊನ್ನ. ಇದೊಂದು ಹಾಂಗೇ ಇರ್ಲಿ."

ನಾನು ನಾರನ್ನು ಕೆಳಗಿಟ್ಟೆ. ಅವಳು ಬಹಳ ಹೊತ್ತು ಕೈ ತೆಗೆಯಲಿಲ್ಲ.